ಬಂದದ, ಬಂದ್ ಅದ

ಈಗಿನ ಜನರೇಟರುಗಳ ಮೈಮೇಲೆ ಒಂದು ಸಣ್ಣ ಡಬ್ಬಿ ಇರುತ್ತದೆ. ಕಂಟ್ರೋಲರ್ ಅನ್ನುತ್ತಾರೆ. ಮೊನ್ನೆ ಸೇಡಂನಲ್ಲಿ ಒಂದು ಮದುವೆಗೆ ಹೋದಾಗ, ಊಟದ ಪಂಕ್ತಿ ಇನ್ನೂ ತಡ ಅಂತ ತಿಳಿದು ಮಂಟಪದ ಹಿಂದೆ ಹೋಗಿ ನಿಂತಿದ್ದೆ. ಅಲ್ಲಿದ್ದ ಮೆಕ್ಯಾನಿಕ್ ಹುಡುಗ ಆ ಡಬ್ಬಿ ತೋರಿಸಿ ನನಗೇ ಪಾಠ ಶುರು ಮಾಡಿದ. ಲೈನ್, ಅಂದರೆ ಸರ್ಕಾರದ ಕರೆಂಟು, ಹೋದದ್ದು ಅದಕ್ಕೆ ತಾನೇ ತಿಳಿಯುತ್ತದಂತೆ. ನಿಜವಾಗಿ ಹೋಯಿತೋ, ಬರೀ ಕಣ್ಣು ಮಿಟುಕಿಸಿತೋ ಅಂತ ಸ್ವಲ್ಪ ಕಾಯುತ್ತದಂತೆ. ಆಮೇಲೆ ಲೈನಿನ ಬ್ರೇಕರ್ ಬಿಡಿಸಿ, ಇಂಜಿನ್ ಚಾಲೂ ಮಾಡಿ, ವೋಲ್ಟೇಜ್ ನೋಡಿ, ಇಂಜಿನ್ನಿನ ಬ್ರೇಕರ್ ಹಾಕುತ್ತದಂತೆ. ಲೈನ್ ತಿರುಗಿ ಬಂದರೆ ಮೂರೂ ಫೇಸ್ ನೆಟ್ಟಗಿವೆಯೋ ನೋಡಿ, ಇನ್ನಷ್ಟು ಹೊತ್ತು ತಡೆದು, ಆಮೇಲೇ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದಂತೆ. "ಮನಷ್ಯಾರೇ ಬೇಕಾಗಿಲ್ರಿ ಕಾಕಾ," ಅಂದ. ನನಗೆ ಸಿಟ್ಟು ಬಂತು. ಎಷ್ಟೋ ವರ್ಷ ನಾನೇ ಆ ಡಬ್ಬಿಯಾಗಿದ್ದೆ ಅಂತ ಹೇಳಿದರೆ ಅವನಿಗೇನು ತಿಳಿಯುತ್ತಿತ್ತು? "ಭಾಳ ಶಾಣ್ಯಾ ಅದ ಬಿಡಪಾ ನಿನ್ನ ಡಬ್ಬಿ," ಅಂದು ಊಟಕ್ಕೆ ಹೋಗಿ ಕೂತೆ. ಎಲೆಯ ಮುಂದೆ ಅಣ್ಣನ ನೆನಪಾಯಿತು.

ಶಹಾಬಾದಿನಿಂದ ಭಂಕೂರಿಗೆ ಹೋಗುವ ದಾರಿಯಲ್ಲಿ ಆಗ ನೆಲಕ್ಕೆ ಹಾಸುವ ಪರಸಿಕಲ್ಲಿಗೆ ಪಾಲಿಶ್ ಹೊಡೆಯುವ ಸಣ್ಣ ಸಣ್ಣ ಕಾರ್ಖಾನೆಗಳಿದ್ದವು. ಅಂಥದ್ದೊಂದರಲ್ಲಿ, ರಾಜ್ಯಕ್ಕೆ ಕರ್ನಾಟಕ ಅಂತ ಹೊಸ ಹೆಸರು ಬಂದ ಹೊಸದರಲ್ಲಿ, ನಾನು ಇಂಜಿನ್ ಆಪರೇಟರ್ ಆಗಿ ಸೇರಿದೆ. ಆ ದಿನಗಳಲ್ಲಿ ಲೈನ್ ಅನ್ನುವುದು ಬಂದಾಗ ಬಂತು, ಹೋದಾಗ ಹೋಯಿತು. ಅದನ್ನು ನಂಬಿ ಕಲ್ಲಿಗೆ ಪಾಲಿಶ್ ಹೊಡೆಯಲಾಗದೆ ಮಾಲಕರು ಒಂದು ಹಳೆಯ ಡೀಸೆಲ್ ಇಂಜಿನ್ ತಂದು ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂರಿಸಿದ್ದರು. ಇಂಜಿನ್ನಿನ ಎದುರಿಗೆ ಗೋಡೆಗೆ ಒಂದು ಕಬ್ಬಿಣದ ಬೋರ್ಡು. ಅದರ ಮೇಲೆ ಎರಡು ಬ್ರೇಕರು, ಎರಡಕ್ಕೂ ಒಂದೊಂದು ಉದ್ದನೆಯ ಹಿಡಿಕೆ. ಎಡಗಡೆಯದು ಲೈನಿನ ಹಿಡಿಕೆ, ಬಲಗಡೆಯದು ಇಂಜಿನ್ನಿನ ಹಿಡಿಕೆ. ಮೇಲೆ ಎತ್ತಿದರೆ ಕರೆಂಟು ಹಾಯುತ್ತದೆ, ಕೆಳಗೆ ಇಳಿಸಿದರೆ ನಿಲ್ಲುತ್ತದೆ. ಎರಡೂ ಒಮ್ಮೆಲೇ ಮೇಲೆ ಇರಬಾರದು. ಇಷ್ಟೇ ವಿದ್ಯೆ. ಒಂದು ಮೇಲಿದ್ದರೆ ಇನ್ನೊಂದು ಏರದ ಹಾಗೆ ತಡೆಯುವ ಕೊಂಡಿ ಗಿಂಡಿ ನಮ್ಮ ಬೋರ್ಡಿಗೆ ಇರಲಿಲ್ಲ. ಕೊಂಡಿ ಅಂದರೆ ನಮ್ಮ ನೆನಪು.

ಆ ನೆನಪನ್ನು ನನ್ನ ತಲೆಗೆ ಬಡಿದು ಕೂರಿಸಿದವರು ಉಸ್ತಾದರು. ನನಗಿಂತ ಮೊದಲಿನಿಂದ ಅಲ್ಲಿದ್ದ ದೊಡ್ಡ ಆಪರೇಟರು, ವಾಡಿ ಕಡೆ ಪಂಪ್‌ಹೌಸುಗಳಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು ಬಂದವರು. ಬಿಳಿ ಗಡ್ಡ, ಎಣ್ಣೆಗಪ್ಪು ಉಗುರು, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ಮೊದಲ ದಿನವೇ ಎರಡೂ ಹಿಡಿಕೆ ತೋರಿಸಿ, "ಬೇಟಾ, ಏಕ್ ಮಿಯಾನ್ ಮೇ ದೋ ತಲ್ವಾರ್ ನೈ ರಹತೇ. ಒಂದು ಒರಿಯಾಗ ಎರಡು ಕತ್ತಿ ಕೂಡಂಗಿಲ್ಲ. ಮೊದಲ ಒಂದನ್ನ ಇಳಸು, ಕಣ್ಣಾರೆ ನೋಡು, ಆಮ್ಯಾಲ ಇನ್ನೊಂದನ್ನ ಏರಸು," ಅಂದರು. ಕಣ್ಣಾರೆ ಅನ್ನುವಾಗ ನನ್ನ ಗದ್ದ ಹಿಡಿದು ಮುಖವನ್ನು ಬೋರ್ಡಿನ ಕಡೆ ತಿರುಗಿಸಿದ್ದರು.

ಲೈನಿನ ಕಡೆಗೆ ಮೂರು ದೀಪ ಇದ್ದವು, ಕೆಂಪು, ಹಳದಿ, ನೀಲಿ. ಫೇಸಿಗೆ ಒಂದರಂತೆ. ಲೈನ್ ಬಂತು ಅಂದರೆ ಮೂರೂ ಹತ್ತಬೇಕು. ಒಂದು ಮಂಕಾಗಿದ್ದರೂ ಒಳಗೆ ಬಿಟ್ಟುಕೊಳ್ಳುವ ಹಾಗಿಲ್ಲ, ಮೋಟಾರು ಸುಟ್ಟು ಹೋಗುತ್ತವೆ. ಮೂರೂ ಹತ್ತಿದ ಮೇಲೆ ವೋಲ್ಟ್ ಮೀಟರು ನೋಡಬೇಕು. ಅದೂ ಸರಿ ಇದ್ದರೆ ಕಾಯಬೇಕು. ಎಷ್ಟು ಹೊತ್ತು? ಉಸ್ತಾದರು ಚಹಾ ಬಸಿಗೆ ಹೊಯ್ದುಕೊಂಡು, ಊದಿ ಊದಿ ಕುಡಿದು, ಬಸಿ ತೊಳೆದು ಇಡುವಷ್ಟು ಹೊತ್ತು. "ರೂಸಿ ತವರಿಗೆ ಹ್ವಾದ ಸೊಸಿ ಬಾಗಲಿಗೆ ಬಂದಾಳಂತ ಕೂಡ್ಲೇ ಒಲಿ ಮುಂದ ಕುಂದ್ರಸಬ್ಯಾಡ. ಮೊದಲ ಚಪ್ಪಲಿ ಬಿಡ್ಲಿ, ಕಾಲು ತೊಕ್ಕೊಳ್ಳಿ," ಅನ್ನುತ್ತಿದ್ದರು. ಎಷ್ಟೋ ಸಲ ಬಸಿ ಬರಿದಾಗುವುದರೊಳಗೆ ಸೊಸೆ ಮತ್ತೆ ತವರಿಗೆ ಹೋಗಿರುತ್ತಿದ್ದಳು. ಆಗ ಉಸ್ತಾದರು ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು.

ನಮ್ಮ ಅಣ್ಣ ಲೈನ್‌ಮನ್. ಕಂಬ ಹತ್ತುವ ಕೆಲಸ. ಅಪ್ಪ ಕಾಗಿಣಾ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದ, ನಾನು ಸಣ್ಣವನಿದ್ದಾಗಲೇ ತೀರಿಕೊಂಡ. ನನ್ನನ್ನು ಓದಿಸಿದವನು, ಗುಲಬರ್ಗಾಕ್ಕೆ ಕಳಿಸಿ ವೈರ್‌ಮನ್ ಕೆಲಸ ಕಲಿಸಿದವನು ಅಣ್ಣನೇ. ಬಾಯಿ ಮಾತ್ರ ಹರಿತ. ನಾನು ಸಂಬಳದ ಕೆಲಸಕ್ಕೆ ಸೇರಿದ ದಿನ, "ನೋಡವ್ವ, ನಾ ಬಿಸಲಾಗ ಮಂಗ್ಯಾನಂಗ ಕಂಬ ಹತ್ತೂದು, ನಿನ್ನ ಸಣ್ಣ ಮಗ ನೆರಳಾಗ ಕುಂತು ಹಿಡಿಕಿ ಎತ್ತೂದು. ನಸೀಬಂದ್ರ ಇವಂದು," ಅಂದ. ನಾನೂ ಬಿಡಲಿಲ್ಲ. ಒಮ್ಮೆ ಬಿದ್ದ ತಂತಿ ಕಟ್ಟುವಾಗ ಎರಡು ತಂತಿ ಅದಲುಬದಲು ಮಾಡಿ ಅವನು ನಮ್ಮ ಕಾರ್ಖಾನೆಯ ಮೋಟಾರುಗಳನ್ನೆಲ್ಲ ಹಿಂದಕ್ಕೆ ತಿರುಗಿಸಿಬಿಟ್ಟಿದ್ದ. ವರ್ಷಗಟ್ಟಲೆ ಅದನ್ನು ಎತ್ತಿ ಎತ್ತಿ ಆಡಿಸಿದೆ.

ವೈನಿ, ಅಂದರೆ ಅಣ್ಣನ ಹೆಂಡತಿ, ಚಿಂಚೋಳಿ ಆಚೆಯ ತೆಲುಗು ಗಡಿಯ ಊರಿನವರು. ನನ್ನ ವಾರಿಗೆಯವರೇ, ಆದರೆ ಮನೆಗೆ ಬಂದ ವರ್ಷದಲ್ಲೇ ಅವ್ವನಿಗಿಂತ ಜೋರಾಗಿದ್ದರು. ನಮ್ಮ ಮಾತಿನಲ್ಲಿ ಒಂದು ಕುತ್ತು ಇದೆ ಅಂತ ಮೊದಲು ಕಂಡುಹಿಡಿದವರು ಅವರೇ. ಹೊಸದಾಗಿ ಬಂದಾಗ ಒಂದು ಸಂಜೆ ಅವ್ವ ಹಿತ್ತಲಿಂದ, "ಲೈಟ್ ಬಂತೇನ?" ಅಂತ ಕೂಗಿದಳಂತೆ. ವೈನಿ ಒಳಗಿಂದ, "ಲೈಟ್ ಬಂದದ ಅತ್ತಿ," ಅಂದರಂತೆ. ಬಂದ್ ಇದೆ, ಇನ್ನೂ ಇಲ್ಲ, ಅನ್ನುವುದು ಅವರ ಅರ್ಥ. ಬಂದಿದೆ ಅಂತ ತಿಳಿದ ಅವ್ವ ಕೈಯಲ್ಲಿದ್ದ ಚಿಮಣಿಯನ್ನು ಊದಿ ಆರಿಸಿ ಒಳಗೆ ಕಾಲಿಟ್ಟು ಕೊಡದ ಮೇಲೆ ಬಿದ್ದಳು. ಕಾಗದದ ಮೇಲೆ 'ಬಂದದ' ಬೇರೆ, 'ಬಂದ್ ಅದ' ಬೇರೆ. ನಮ್ಮ ಬಾಯಲ್ಲಿ ಎರಡೂ ಒಂದೇ. "ನಿಮ್ಮ ಕಡಿ ಬಂದದ್ದೂ ಬಂದದ, ಬಂದಾದದ್ದೂ ಬಂದದ. ನಮ್ಮೂರಾಗ 'ಒಚ್ಚಿಂದಿ' ಅಂದ್ರ ಬಂತು, 'ಪೋಯಿಂದಿ' ಅಂದ್ರ ಹೋತು. ಸುಡಗಾಡ ಭಾಷಾ ನಿಮ್ಮದು," ಅಂತ ವೈನಿ ನಮ್ಮೆಲ್ಲರಿಗೂ ಛೀಮಾರಿ ಹಾಕಿದರು. ನಾವು ನಕ್ಕು ನಕ್ಕು ಸುಸ್ತಾದೆವು. ಅವ್ವನ ಮೊಣಕಾಲು ಒಂದು ವಾರ ಊದಿತ್ತು.

ನಾನು ಕೆಲಸಕ್ಕೆ ಸೇರಿದ ದಿನ ಸಂಜೆ ಅವ್ವ ಹೋಳಿಗೆ ಮಾಡಿದ್ದಳು. ಅಣ್ಣ ಎರಡು ತಿಂದು, ಮೂರನೆಯದು ಕೈಯಲ್ಲಿ ಹಿಡಿದು, ನಗುತ್ತಲೇ ನನಗೆ ಹೇಳಿದ: "ತಮ್ಮಾ, ಒಂದು ಮಾತು ನೆನಪಿಡು. ನಾವು ಕರೆಂಟ್ ಸ್ಟೇಷನ್ ಕಡಿಯಿಂದ ಸ್ವಿಚ್ ಬಿಡಿಸಿ ಕಂಬ ಹತ್ತತೀವಿ. ಆ ಕಡಿಯಿಂದ ಅಂಜಿಕಿ ಇಲ್ಲ. ಅಂಜಿಕಿ ಇರೂದು ಈ ಕಡಿಯಿಂದ. ಲೈನಿನ ಹಿಡಿಕಿ ಇಳಿಸೂದು ಮರತು ಯಾವನರೆ ಇಂಜಿನ್ ಹಿಡಿಕಿ ಏರಿಸಿದಾ ಅಂದ್ರ, ಕರೆಂಟು ಉಲ್ಟಾ ಹೊಂಟು, ಟ್ರಾನ್ಸ್‌ಫಾರ್ಮರಿನಾಗ ಹಾಯ್ದು ದೊಡ್ಡದಾಗಿ, ಕಂಬದ ಮ್ಯಾಲಿದ್ದಾಂವನ ಕೈಗೇ ಬರ್ತದ."

ಬಡಿಸುತ್ತಿದ್ದ ವೈನಿಯ ಕೈ ನಿಂತಿತು. "ಇವರ ಕಾರ್ಖಾನಿ ಯಾವ ಲೈನಿನ ಮ್ಯಾಲದ?"

"ನಂದೇ," ಅಂದ ಅಣ್ಣ.

"ಅಂದ್ರ ನನ್ನ ಕುಂಕುಮ ಈ ಮೈದುನನ ಕೈಯಾಗ ಅದ ಅಂದಂಗಾತು."

"ಏ, ಬಿಡ್ತು ಅನ್ನು! ಹೋಳಿಗಿ ಮುಂದ ಕುಂತು ಎಂಥಾ ಮಾತಾಡ್ತಿ!" ಅಂತ ಅವ್ವ ಗದರಿದಳು. ವೈನಿ ಬಿಡ್ತು ಅಂದರು. ನನ್ನ ಎಲೆಗೆ ತುಪ್ಪ ಹಾಕುವಾಗ ಮಾತ್ರ ಮುಖ ನೋಡಿದರು, ಆ ನೋಟಕ್ಕೆ ನನಗೆ ನಗು ಬರಲಿಲ್ಲ.

ಮುಂದಿನ ವಾರ ಬುತ್ತಿ ಕೊಡುವ ನೆಪ ಮಾಡಿಕೊಂಡು ಶೆಡ್ಡಿಗೇ ಬಂದರು. ಉಸ್ತಾದರು ಎದ್ದು ನಿಂತು, "ಬರ್ರಿ ತಾಯಿ, ಕುಂದ್ರಿ," ಅಂದು ತಮ್ಮ ಸ್ಟೂಲು ಕೊಟ್ಟರು. ವೈನಿ ಕೂರಲಿಲ್ಲ. ಬೋರ್ಡಿನ ಮುಂದೆ ನಿಂತು ಒಂದೊಂದೇ ಕೇಳಿದರು. ಇದು ಯಾವುದು, ಅದು ಯಾವುದು, ಎರಡೂ ಮೇಲಿದ್ದರೆ ಏನಾಗುತ್ತದೆ, ಯಾರು ನೋಡುತ್ತಾರೆ. "ನಾವ ನೋಡ್ತೀವ್ರಿ," ಅಂದೆ. "ನೀವು ಅಂದ್ರ ಯಾರು? ಕಣ್ಣೋ, ನೆನಪೋ? ಏನರೆ ಕಟ್ರಿ ಇದಕ್ಕ. ಒಂದು ಹಗ್ಗರೆ, ಒಂದು ಕೀಲಿರೆ." ನಾನು ನಕ್ಕೆ. ಓದಿ ಬಂದವನು ನಾನು, ನನಗೆ ಹಗ್ಗ ಕಟ್ಟು ಅಂತಾರಲ್ಲ! "ಫಿಕರ್ ಮಾಡಬ್ಯಾಡ್ರಿ ವೈನಿ, ಅಣ್ಣನ ಜೀವ ನನ್ನ ಜೀವ," ಅಂದೆ. ಉಸ್ತಾದರು ಗಡ್ಡ ನೀವುತ್ತ ನಿಂತಿದ್ದರು. ಹೆಣ್ಣುಮಗಳು ಹೇಳಿದ್ದು ಖರೇ ಅದ, ಅಂತ ವೈನಿ ಹೋದ ಮೇಲೆ ಒಂದು ಸಲ ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎರಡು ವರ್ಷ ಏನೂ ಆಗಲಿಲ್ಲ. ನನಗೂ ಕೈ ಕುದುರಿತು, ಕಣ್ಣು ಮುಚ್ಚಿಕೊಂಡೂ ಹಿಡಿಕೆ ಎತ್ತಿಳಿಸಬಲ್ಲೆ ಅನ್ನುವ ಸೊಕ್ಕು ಬಂತು. ಸೊಕ್ಕು ಅಂತಲೇ ಬರೆಯುತ್ತೇನೆ, ಬೇರೆ ಮಾತಿಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಜೋರು ಗಾಳಿ ಎದ್ದು ಭಂಕೂರಿನ ಕಡೆ ಎಲ್ಲೋ ತಂತಿ ಹರಿಯಿತು. ಲೈನ್ ಹೋಯಿತು. ನಾನು ಶಾಸ್ತ್ರದ ಪ್ರಕಾರವೇ ಲೈನಿನ ಹಿಡಿಕೆ ಇಳಿಸಿ, ಇಂಜಿನ್ ಚಾಲೂ ಮಾಡಿ, ಇಂಜಿನ್ನಿನ ಹಿಡಿಕೆ ಏರಿಸಿದೆ. ಡೀಸೆಲ್ ತಳ ಕಂಡಿತ್ತು. ತರಲು ಹೋದ ಗಾಡಿ ಇನ್ನೂ ಬಂದಿರಲಿಲ್ಲ. ಒಳಗೆ ಮಷೀನಿನ ಮೇಲೆ ದೊಡ್ಡ ಕಲ್ಲು ಅರ್ಧ ಪಾಲಿಶ್ ಆಗಿತ್ತು. ಲೈನ್ ಯಾವಾಗ ಬರುತ್ತದಪ್ಪಾ ಅಂತ ದಾರಿ ನೋಡುತ್ತಿದ್ದೆ. ಉಸ್ತಾದರು ಇಳಿಹೊತ್ತಿನ ಅಸರ್ ನಮಾಜಿಗೆ ಹೋಗಿದ್ದರು.

ಆಗ ಗೇಟಿನ ಮುಂದೆ ಐಸ್‌ಕ್ಯಾಂಡಿ ಮಾರುವವನು ಸೈಕಲ್ ಮೇಲೆ ಹೊರಟಿದ್ದ. ಐಸು ಕರಗುತ್ತದೆ ಅಂತ ಅವನಿಗೆ ಅವಸರ, ಇಳಿಯಲೂ ಇಲ್ಲ. ಇಂಜಿನ್ನಿನ ಸಪ್ಪಳದ ಮೇಲಿಂದ ಕೂಗಿದ: "ನಿಮ್ಮಣ್ಣ ಹೇಳ್ಯಾರ್ರೀ! ಲೈನ್ ಬಂದದಂತ!"

ಲೈನ್ ಬಂದ್ ಅದ, ನಾನು ಕಂಬದ ಮೇಲೆ ಇದ್ದೇನೆ, ಹುಷಾರು, ಅಂತ ಅಣ್ಣ ಹೇಳಿ ಕಳಿಸಿದ್ದು. ಲೈನ್ ಬಂತು ಅಂತ ನಾನು ಕೇಳಿದ್ದು. ಅವ್ವನನ್ನು ಕೊಡದ ಮೇಲೆ ಬೀಳಿಸಿದ ಮಾತೇ ಅದು. ಅಷ್ಟು ನಕ್ಕಿದ್ದ ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಬರಲಿ ಅಂತ ಕಾಯುತ್ತಿದ್ದವನ ಕಿವಿಗೆ ಬಂದದ್ದೇ ಕೇಳಿಸುತ್ತದೆ.

ದೀಪ ನೋಡಲಿಲ್ಲವೇ ಅಂದರೆ, ನೋಡಿದೆ. ಆ ಹೊತ್ತಿಗೆ ಪಡುವಣದ ಕಿಟಕಿಯಿಂದ ಬಿಸಿಲು ನೇರ ಬೋರ್ಡಿನ ಮೇಲೆ ಬೀಳುತ್ತಿತ್ತು. ಬಿಸಿಲಿಗೆ ಕೆಂಪು, ಹಳದಿ, ನೀಲಿ ಗಾಜುಗಳು ಮೂರೂ ಫಳಫಳ ಅಂತಿದ್ದವು. ಹತ್ತಿವೆ ಅಂದುಕೊಂಡೆ. ಕೈಯಿಂದ ನೆರಳು ಮಾಡಿ ನೋಡಲಿಲ್ಲ, ವೋಲ್ಟ್ ಮೀಟರಿನ ಮುಳ್ಳು ನೋಡಲಿಲ್ಲ, ಒಂದು ಬಸಿ ಚಹಾದಷ್ಟು ಹೊತ್ತೂ ಕಾಯಲಿಲ್ಲ. ಇಂಜಿನ್ನಿನ ಹಿಡಿಕೆ ಇಳಿಸಿ ಲೈನಿನ ಹಿಡಿಕೆ ಏರಿಸಿಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ಎಲ್ಲ ನಿಂತುಹೋಯಿತು. ಮೋಟಾರು ಇಲ್ಲ, ಫ್ಯಾನ್ ಇಲ್ಲ. ಒಳಗಿಂದ ಕೆಲಸಗಾರರು, "ಏ ಹಚ್ಚೋ ಮಾರಾಯ! ಕಲ್ಲು ಕುಂತದೋ!" ಅಂತ ಕೂಗಿದರು. ನಾನು ಲೈನಿಗೆ ಒಂದು ಬೈಗುಳ ಬೈದೆ. ಬಂತು, ಮತ್ತೆ ಹೋಯಿತು, ಇದರ ಹಣೆಬರಹವೇ ಇಷ್ಟು ಅಂದುಕೊಂಡು ಇಂಜಿನ್ನಿನ ಹಿಡಿಕೆಯನ್ನು ಮೇಲಕ್ಕೆ ಎಳೆದೆ. ಲೈನಿನ ಹಿಡಿಕೆ ಮೇಲೇ ಇತ್ತು.

ಇಂಜಿನ್ ನರಳಿತು. ಅಂಥ ಸಪ್ಪಳ ಅದರ ಹೊಟ್ಟೆಯಿಂದ ನಾನು ಕೇಳಿರಲಿಲ್ಲ. ಹೊಗೆ ಕಪ್ಪಗೆ ಎದ್ದಿತು, ಶೆಡ್ಡಿನ ತಗಡು ನಡುಗಿತು, ಮರುಕ್ಷಣ ಇಂಜಿನ್ನಿನ ಬ್ರೇಕರ್ ಧಡ್ ಅಂತ ತಾನೇ ಬಿತ್ತು. ಬೋರ್ಡು ನೋಡಿದೆ. ಎಡಗಡೆಯ ಹಿಡಿಕೆ ಮೇಲೆ ನಿಂತಿತ್ತು. ಆಗ ಐಸಿನವನ ಮಾತು ಮತ್ತೊಮ್ಮೆ ಕಿವಿಯಲ್ಲಿ ಕೇಳಿತು, ಈ ಸಲ ಸರಿಯಾಗಿ ಕೇಳಿತು. ಯವ್ವಾ, ಅಣ್ಣನ್ನ ಕೊಂದೆ, ಅಂದೆ. ಬಾಯಿ ಬಿಟ್ಟೇ ಅಂದೆ.

ಕಾರಕೂನರ ಸೈಕಲ್ ಗೋಡೆಗೆ ಒರಗಿತ್ತು. ಕೇಳಲೂ ಇಲ್ಲ, ಹತ್ತಿ ಹೊರಟೆ. ಕಂಬದ ಸಾಲು ನೋಡುತ್ತ ಹೋದೆ. ದಾರಿಯಲ್ಲಿ ಒಂದೇ ಯೋಚನೆ. ವೈನಿಗೆ ಏನು ಹೇಳಲಿ? ಅವ್ವನ ಮುಂದೆ ಯಾವ ಮುಖ ತೋರಿಸಲಿ? ಹೊಳೆಗೆ ಹೋಗಿಬಿಡಲೇ? ಖರೇ ಹೇಳುತ್ತೇನೆ, ಎರಡು ಸಲ ಕಾಗಿಣಾ ಕಡೆ ಹೊರಳುವ ದಾರಿ ನೋಡಿದೆ.

ಅಣ್ಣ ಕಂಬದ ಬುಡದಲ್ಲಿ ಕೂತಿದ್ದ. ಬೀಡಿ ಹಚ್ಚಲು ನೋಡುತ್ತಿದ್ದ. ಎರಡು ಕಡ್ಡಿ ಮುರಿದವು, ಜೊತೆಗೆ ಕೆಲಸ ಮಾಡುವ ಜೋಡಿದಾರ ಹಚ್ಚಿ ಕೊಟ್ಟ. ಮೇಲೆ ಮೂರೂ ತಂತಿಗೆ ಒಂದು ಕಬ್ಬಿಣದ ಸರಪಳಿ ಸುತ್ತಿತ್ತು. ಅದರ ಕೊನೆ ಕಂಬದ ಉದ್ದಕ್ಕೆ ಇಳಿದು, ನೆಲದಲ್ಲಿ ಹೂತ ಗೂಟಕ್ಕೆ ಕಟ್ಟಿತ್ತು. ಹಾಗೆ ಕಟ್ಟಿದರೆ ಎಲ್ಲಿಂದ ಕಳ್ಳ ಕರೆಂಟು ಬಂದರೂ ಸರಪಳಿಯಲ್ಲೇ ಸುತ್ತಿ ನೆಲಕ್ಕೆ ಇಳಿದುಹೋಗುತ್ತದೆ, ಆ ಭಾರಕ್ಕೆ ಅದನ್ನು ಕಳಿಸಿದ ಬ್ರೇಕರ್ ಬೀಳುತ್ತದೆ. ನಮ್ಮ ಬ್ರೇಕರ್ ಬಿದ್ದದ್ದು ಅದಕ್ಕೇ. ಅಣ್ಣನ ತಲೆಯ ಮೇಲೆ ಒಂದು ಮೊಳದಲ್ಲಿ ಸಿಡಿಲು ಹೊಡೆದ ಹಾಗೆ ಬೆಂಕಿ ಹಾರಿತ್ತಂತೆ. ಕೈಯಲ್ಲಿನ ನಟ್ಟು ಬಿಗಿಯುವ ಪಾನಾ ಎಲ್ಲಿ ಹಾರಿ ಬಿತ್ತೋ ಸಿಕ್ಕಿರಲಿಲ್ಲ.

ಸೈಕಲ್ ಬಿಟ್ಟು ಅವನ ಮುಂದೆ ಕುಸಿದೆ.

"ಇಂಜಿನ್ ಮ್ಯಾಲ ಯಾರಿದ್ದರು?" ಅಂದ.

"ನಾನಽ."

"ಲೈನಿನ ಹಿಡಿಕಿ?"

"ಮ್ಯಾಲಿತ್ತು."

ಅವನು ತಲೆಯಾಡಿಸಿದ. ಒಂದು ದಮ್ಮು ಬೀಡಿ ಎಳೆದ. ಆಮೇಲೆ ನನ್ನ ಮುಖ ನೋಡಿ, "ಈಗೆಲ್ಲದ?" ಅಂದ.

ಇಳಿಸದೇ ಓಡಿ ಬಂದಿದ್ದೆ!

"ಹೋಗು, ಮೊದಲ ಕೆಳಗ ಮಾಡಿ ಬಾ," ಅಂದ ಅಣ್ಣ. "ಅಳೂದು ಆಮ್ಯಾಲ ಅಳುವಂತಿ."

ಹಿಂದಕ್ಕೆ ಹೋದಾಗ ಉಸ್ತಾದರು ಬಂದಿದ್ದರು. ಲೈನಿನ ಹಿಡಿಕೆಯನ್ನು ಇಳಿಸಿ, ಎರಡೂ ಕೈಯಿಂದ ಒತ್ತಿ ಹಿಡಿದು ನಿಂತಿದ್ದರು. ಅದು ತಾನಾಗಿ ಏರುವುದಿಲ್ಲ ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಬಿಡಲಿಲ್ಲ. ನನ್ನನ್ನು ಕಂಡು, "ಜಿಂದಾ ಅದಾರೇನು?" ಅಂದರು. ಹೂಂ ಅಂದೆ. ಆಗ ಕೈ ಬಿಟ್ಟು ಸ್ಟೂಲಿನ ಮೇಲೆ ಕೂತು ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು. ಬೈಯಲಿಲ್ಲ. ಎರಡು ಮಾತು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮನೆಯಲ್ಲಿ ಹೇಳಬೇಡ ಅಂತ ಅಣ್ಣ ಕಟ್ಟಪ್ಪಣೆ ಮಾಡಿದ. ರಾತ್ರಿ ಊಟಕ್ಕೆ ಕೂತೆವು. ಜೋಳದ ರೊಟ್ಟಿ, ಪುಂಡಿಪಲ್ಯ. ವೈನಿ ಮೂಲೆಯಲ್ಲಿದ್ದ ಚೀಲ ಸರಿಸುವಾಗ, "ಈ ಸರಪಳಿ ಯಾಕ ಹಿಂಗ ಕರ್ರಗ ಆಗ್ಯಾದ? ಒಂದು ಕೊಂಡಿ ಕರಗೇ ಹೋಗ್ಯಾದಲ್ಲ," ಅಂದರು. ಅಣ್ಣ ತಲೆ ಎತ್ತದೆ, "ಚಾದಂಗಡಿ ಒಲಿಯಾಗ ಬಿದ್ದಿತ್ತು," ಅಂದ. ಚಹಾದ ಒಲೆಯಲ್ಲಿ ಕಬ್ಬಿಣ ಕರಗುತ್ತದೆಯೇ? ಇಂಥ ಸುಳ್ಳನ್ನು ಅವನೇ ಹೇಳಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ತುತ್ತು ಬಿಟ್ಟು ಎದ್ದುಬಿಟ್ಟೆ. ವೈನಿ ಅಣ್ಣನನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ಅಂಗಳದಲ್ಲಿ ಅಣ್ಣನ ಹೊರಸಿನ ಪಕ್ಕ ನನ್ನ ಹಾಸಿಗೆ. ಅವನು ಬದುಕಿ ಬಗಲಿಗೇ ಮಲಗಿದ್ದಾನೆ. ಅಷ್ಟೇ ಸಾಕಾಗಬೇಕಿತ್ತು ನನಗೆ. ಆದರೆ ಮನುಷ್ಯನ ಮನಸ್ಸು ಎಂಥ ಹೊಲಸು ನೋಡಿ, ಅದರೊಳಗೊಂದು ಮುಳ್ಳು ಎದ್ದಿತ್ತು. ನಾನೇ ಇಂಜಿನ್ನಿನ ಮೇಲಿರುತ್ತೇನೆ ಅಂತ ಗೊತ್ತಿದ್ದೂ ಇವನು ಸರಪಳಿ ಹಾಕಿದ್ದ. ಕೇಳಿಯೇಬಿಟ್ಟೆ. "ಅಣ್ಣಾ, ನನ್ನ ಮ್ಯಾಲ ನಿನಗ ನಂಬಿಕಿ ಇರಲಿಲ್ಲೇನು?"

"ಇರಲಿಲ್ಲ," ಅಂದ. "ಮಕ್ಕೋ ಸುಮ್ಮ."

ಕೊಲ್ಲಲು ಹೊರಟಿದ್ದವನು ನಾನು, ಸಿಟ್ಟೂ ನನಗೇ ಬಂತು. ಅವನ ಕಡೆ ಬೆನ್ನು ಮಾಡಿ ಮಲಗಿದೆ.

ಮೂರು ದಿನ ವೈನಿ ನನ್ನ ಜೊತೆ ಮಾತಾಡಲಿಲ್ಲ. ರೊಟ್ಟಿ ಬಡಿಸುತ್ತಿದ್ದರು, ಬೇಕಾ ಸಾಕಾ ಅಂತ ಕೇಳುತ್ತಿರಲಿಲ್ಲ. ಅಣ್ಣನ ಜೋಡಿದಾರನ ಹೆಂಡತಿಯಿಂದ ಅವರಿಗೆ ಎಲ್ಲ ತಿಳಿದಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಬುತ್ತಿ ಹಿಡಿದು ಶೆಡ್ಡಿಗೆ ಬಂದರು. ಲೈನ್ ಹೋಗಿತ್ತು, ಇಂಜಿನ್ ನಡೆಯುತ್ತಿತ್ತು. ಉಸ್ತಾದರು ಅವರ ಮುಖ ನೋಡಿ ಡೀಸೆಲ್ ಪೀಪಾಯಿ ನೋಡುವ ನೆಪ ಹೇಳಿ ಹೊರಗೆ ಹೋದರು. ಇನ್ನು ಶಾಪ ಹಾಕುತ್ತಾರೆ, ಹಾಕಲಿ, ಅಂತ ನಾನು ತಲೆ ಬಗ್ಗಿಸಿ ನಿಂತೆ.

ವೈನಿ ತಮ್ಮ ಎಡಗೈಯಿಂದ ಒಂದು ಹಸಿರು ಗಾಜಿನ ಬಳೆ ಜಾರಿಸಿದರು. ಕೆಳಗಿಳಿದಿದ್ದ ಲೈನಿನ ಹಿಡಿಕೆಗೂ ಬೋರ್ಡಿನ ಕೆಳಗಿನ ಮೊಳೆಗೂ ಕೂಡಿಸಿ ಅದನ್ನು ತೊಡಿಸಿದರು. ಇನ್ನು ಹಿಡಿಕೆ ಏರಬೇಕಾದರೆ ಮೊದಲು ಆ ಬಳೆಯನ್ನು ಕೈಯಾರೆ ಬಿಡಿಸಬೇಕು. ಮರೆತು ಎಳೆದರೆ ಅದು ಒಡೆಯುತ್ತದೆ.

"ಹಗ್ಗ ಕಟ್ಟು ಅಂದೆ, ನಕ್ಕಿ," ಅಂದರು. "ಈಗ ನಗು ನೋಡೂಣು. ಲೈನ್ ಹ್ವಾದಾಗ ಹಾಕು, ಲೈನ್ ಬಂದಾಗ ದೀಪ ನೋಡಿ, ಮುಳ್ಳು ನೋಡಿ, ತಗಿ. ಯಾರು ಬಂದು 'ಬಂದದ' ಅಂದ್ರೂ ತಗೀಬ್ಯಾಡ, ನಾ ಬಂದು ಅಂದ್ರೂ ತಗೀಬ್ಯಾಡ."

"ತಪ್ಪಾತ್ರಿ ವೈನಿ," ಅಂದೆ.

ವೈನಿ ಬುತ್ತಿ ಬಿಚ್ಚಿ ಸ್ಟೂಲಿನ ಮೇಲಿಟ್ಟರು. ಹೋಗುತ್ತಾರೆ ಅಂದುಕೊಂಡೆ, ಹೋಗಲಿಲ್ಲ. "ನಂಬಿಕಿ ಇರಲಿಲ್ಲೇನು ಅಂತ ಅವರಿಗೆ ಕೇಳಿದ್ಯಂತಲ್ಲ," ಅಂದರು. "ನಾ ಮದಿವಿಯಾಗಿ ಬಂದಾಗಿಂದ ಸರಪಳಿ ಒಯ್ರಿ, ಸರಪಳಿ ಒಯ್ರಿ ಅಂತ ಬಡ್ಕೊಂಡೀನಿ. ಎಮ್ಮಿ ಕಟ್ಟೂ ಸರಪಳಿ, ಭಾಳ ವಜ್ಜಿ, ಅದನ್ನ ಹೊತ್ತು ಯಾರು ಕಂಬ ಹತ್ತಬೇಕು ಅಂತಿದ್ದರು. ನಾ ಅತ್ತೆ, ಊಟ ಬಿಟ್ಟೆ. ಒಂದು ದಿನಾನೂ ಒಯ್ಯಲಿಲ್ಲ. ನೀ ಇಲ್ಲಿ ಕೆಲಸಕ್ಕ ಸೇರಿದ ಮರುದಿನ ಮುಂಜಾನಿ ತಾವಾಗೇ ಚೀಲಕ್ಕ ಹಾಕ್ಕೊಂಡರು. ಆವತ್ತಿಂದ ಒಂದು ದಿನಾನೂ ಬಿಟ್ಟಿಲ್ಲ. ನಾ ಹೇಳಿದ್ರ ಒಯ್ಯಲಿಲ್ಲ, ಈಗ್ಯಾಕ ಅಂತ ಕೇಳಿದೆ."

ಅಣ್ಣ ಏನಂದ ಅಂತಲೂ ಅವರೇ ಹೇಳಿದರು.

"'ನಾ ಸತ್ರ ನೀ ಅಳ್ತಿ, ಅವ್ವ ಅಳ್ತಾಳ, ಆಮ್ಯಾಲ ಹೆಂಗರೆ ಮಾಡಿ ಬದುಕ್ತೀರಿ. ಆದ್ರ ತನ್ನ ಕೈಲಿಂದ ನಾ ಸತ್ತೆ ಅಂದ್ರ ಆ ಹುಡುಗ ಒಂದು ದಿನಾನೂ ಬದುಕಾಂಗಿಲ್ಲ. ಇದನ್ನ ನನ್ನ ಸಲುವಾಗಿ ಹೊರಾಕತ್ತಿಲ್ಲ' ಅಂದ್ರು. ನಿನಗ ಹೇಳಬ್ಯಾಡ ಅಂದಿದ್ರು."

ಅಷ್ಟು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ರೊಟ್ಟಿ ಆರಾಕತ್ತಾವ, ಉಣ್ಣು," ಅಂದು ಹೊರಟುಹೋದರು. ನಾನು ಬೋರ್ಡಿನ ಮುಂದೆ ನೆಲದ ಮೇಲೆ ಕೂತು, ಅಣ್ಣಾ ಅಣ್ಣಾ ಅಂತ ಸಣ್ಣ ಮಕ್ಕಳ ಹಾಗೆ ಗಟ್ಟಿಯಾಗಿ ಅತ್ತೆ. ಇಂಜಿನ್ ನಡೆಯುತ್ತಿತ್ತು, ಯಾರಿಗೂ ಕೇಳಿಸಲಿಲ್ಲ.